ಅಂಡಮಾನಿಗೆ ಹೊರಟ ಮಗಳಿಗೆ



ದಸರಾ ರಜೆಯಲ್ಲಿ ಅಪ್ಪ, ಅಮ್ಮ, ಪುಟ್ಟ ಎಲ್ಲರನ್ನೂ ಕರೆದುಕೊಂಡು ಅಂಡಮಾನಿಗೆ ಹೋಗುತ್ತೇವೆ ಎಂದು ನೀನು ಕಳಿಸಿದ ಪಟ್ಟಿ ನೋಡಿದೆ. ಇರುವುದು ಏಳು ದಿನ. ಪೋರ್ಟ್ ಬ್ಲೇರಿನಿಂದ ಹಿಡಿದು ಉತ್ತರದ ತುದಿಯ ದಿಗ್ಲಿಪುರದವರೆಗೆ ಒಂದು ಊರನ್ನೂ ನೀನು ಬಿಟ್ಟಿಲ್ಲ. ಆಸೆಯಿಂದ ಕೂತು ಬರೆದಿದ್ದೀಯ, ಸಂತೋಷ. ಆದರೆ ಅದರಲ್ಲಿ ಅರ್ಧಕ್ಕರ್ಧ ಹೊಡೆದುಹಾಕು ಎನ್ನುವುದೇ ಈ ಚಿಕ್ಕಮ್ಮನ ಮೊದಲ ಮಾತು. ನಿನ್ನಂತೆಯೇ ಹೊರಟಿರುವ ಬೇರೆ ಮಕ್ಕಳಿಗೂ ಉಪಯೋಗವಾಗಲಿ ಎಂದು ಇದನ್ನು ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ಮೈಸೂರು, ಮಡಿಕೇರಿ ಸುತ್ತುವಾಗ ಕಾರು ನಮ್ಮ ಕೈಯಲ್ಲಿರುತ್ತದೆ. ಒಂದು ಕಡೆ ತಡವಾದರೆ ಇನ್ನೊಂದು ಕಡೆ ಸರಿದೂಗಿಸಿಕೊಳ್ಳಬಹುದು. ದ್ವೀಪದಲ್ಲಿ ಹಾಗಲ್ಲ. ಅಲ್ಲಿ ನಮ್ಮ ದಿನವನ್ನು ತೀರ್ಮಾನಿಸುವುದು ಕಡಲು. ಗಾಳಿ ಜೋರಾದರೆ ಫೆರಿ ಹೊರಡುವುದಿಲ್ಲ. ನೀರು ಇಳಿದರೆ ಕೆಲವು ಕಡೆ ದೋಣಿ ದಡಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಯೋಜನೆ ಹಾಕಿದರೆ ವಾರ ಹಾಯಾಗಿ ಕಳೆಯುತ್ತದೆ. ಒಪ್ಪದವರ ವಾರ ಜೆಟ್ಟಿಯ ಬೆಂಚಿನ ಮೇಲೆ, ಸಾಮಾನು ಕಾಯುತ್ತಾ ಮುಗಿಯುತ್ತದೆ.

ಮೊದಲು ತಿಂಗಳು ಬದಲಾಯಿಸು. ನಮ್ಮಲ್ಲಿ ದಸರಾ ಎಂದರೆ ಮಳೆ ಮುಗಿಯುವ ಕಾಲ. ಅಲ್ಲಿ ಮುಂಗಾರು ಹೋಗುತ್ತಿದ್ದಂತೆ ಹಿಂಗಾರು ಬಂದಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿಯನ್ನು ಟೀವಿಯಲ್ಲಿ ಕೇಳುತ್ತಲೇ ಇರುತ್ತೀಯಲ್ಲ, ಆ ಕೊಲ್ಲಿಯಲ್ಲೇ ನೀವು ಇರುತ್ತೀರಿ. ನೈಋತ್ಯ ಮುಂಗಾರು ಕೂಡ ಕೇರಳ ಮುಟ್ಟುವ ಮೊದಲೇ, ಮೇ ಮೂರನೆಯ ವಾರದ ಹೊತ್ತಿಗೆ, ಅಲ್ಲಿ ಸುರಿಯತೊಡಗುತ್ತದೆ. ಉಳಿಯುವುದು ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ. ಅದರಲ್ಲೂ ಫೆಬ್ರವರಿ ಒಳ್ಳೆಯದು: ಕಡಲು ಶಾಂತ, ನೀರು ತಿಳಿ, ಬಿಸಿಲು ಅಕ್ಕ-ಭಾವ ತಡೆದುಕೊಳ್ಳುವಷ್ಟು. ಪುಟ್ಟನಿಗೆ ಶಾಲೆ ತಪ್ಪುತ್ತದೆ ಎನ್ನಬೇಡ. ಎರಡನೆಯ ಕ್ಲಾಸಿನ ಮಗು ಒಂದು ವಾರ ರಜೆ ಹಾಕಿದರೆ ಏನೂ ಆಗುವುದಿಲ್ಲ.

ಇನ್ನು ಹೊತ್ತಿನ ವಿಚಾರ. ಅಂಡಮಾನ್ ಬೆಂಗಳೂರಿಗಿಂತ ಸುಮಾರು ಹದಿನೈದು ರೇಖಾಂಶ ಪೂರ್ವಕ್ಕಿದೆ, ಅಂದರೆ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆ ಮುಂದೆ. ಗಡಿಯಾರ ಮಾತ್ರ ನಮ್ಮದೇ. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಇಲ್ಲಿಯ ಹಾಗೆ ಹತ್ತಕ್ಕೆ ತಿಂಡಿ ತಿಂದು, ಹನ್ನೊಂದಕ್ಕೆ ಹೊರಟು, ಸಂಜೆ ಬೀಚಿಗೆ ಹೋಗೋಣ ಎಂದುಕೊಂಡರೆ ಅರ್ಧ ದಿನ ಕೈತಪ್ಪಿತು. ಬೆಳಿಗ್ಗೆ ಐದಕ್ಕೆ ಎದ್ದು, ಆರಕ್ಕೆ ಮರಳ ಮೇಲಿದ್ದು, ಬಿಸಿಲೇರುವಾಗ ಕೋಣೆಗೆ ಬಂದು ಮಲಗಿ, ಮೂರಕ್ಕೆ ಮತ್ತೆ ಹೊರಡಿ. ಭಾವನಿಗೆ ಹೇಗೂ ನಸುಕಿನಲ್ಲಿ ಏಳುವ ಅಭ್ಯಾಸ. ಅವರಿಗೆ ಇದು ತುಂಬಾ ಹಿಡಿಸುತ್ತದೆ.

ರಾತ್ರಿಗಳನ್ನು ಹೀಗೆ ಹಂಚು: ಪೋರ್ಟ್ ಬ್ಲೇರಿನಲ್ಲಿ ಒಂದು, ಹ್ಯಾವ್‌ಲಾಕಿನಲ್ಲಿ ಎರಡು, ನೀಲ್ ದ್ವೀಪದಲ್ಲಿ ಎರಡು, ಕೊನೆಯದು ಮತ್ತೆ ಪೋರ್ಟ್ ಬ್ಲೇರಿನಲ್ಲಿ. ಟಿಕೆಟಿನಲ್ಲಿ, ಬೋರ್ಡುಗಳಲ್ಲಿ ಇವು ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಕಂಡರೆ ಗಾಬರಿಯಾಗಬೇಡ. ದ್ವೀಪಗಳ ಹೆಸರು 2018ರಲ್ಲಿ, ಊರಿನ ಹೆಸರು 2024ರಲ್ಲಿ ಬದಲಾಗಿದೆ. ಕೊನೆಯ ಆ ಒಂದು ದಿನವನ್ನು ಯಾರು ಏನೇ ಹೇಳಿದರೂ ಬಿಟ್ಟುಕೊಡಬೇಡ. ನೀಲ್‌ನಿಂದ ಬೆಳಿಗ್ಗೆ ಫೆರಿ ಹತ್ತಿ ಮಧ್ಯಾಹ್ನವೇ ವಿಮಾನ ಹಿಡಿಯುವ ಪ್ಯಾಕೇಜುಗಳನ್ನು ಮಾರುತ್ತಾರೆ. ಫೆರಿ ರದ್ದಾದರೆ ಐದು ಜನರ ವಿಮಾನದ ದುಡ್ಡು ಹೋದಂತೆಯೇ. ವಿಮಾನದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ನೀನು ಹ್ಯಾವ್‌ಲಾಕಿನಲ್ಲಿ ಸ್ಕೂಬಾ ಮಾಡುವ ಆಸೆಯಲ್ಲಿದ್ದೀಯ. ನೀರಿನಾಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗುವ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮುಂಚೆ ವಿಮಾನ ಏರಿದರೆ ಅಪಾಯ. ಕಡಿಮೆಯೆಂದರೂ ಹದಿನೆಂಟು ಗಂಟೆ ಬಿಡಬೇಕು, ಒಂದು ಪೂರ್ತಿ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಮುಳುಗುವ ಮುಂಚೆ ತುಂಬಿಸಿಕೊಳ್ಳುವ ಆರೋಗ್ಯದ ಫಾರಂನಲ್ಲಿ ನಿನ್ನ ವೀಸಿಂಗ್ ವಿಷಯ ಮುಚ್ಚಿಡದೆ ಬರೆ. ಬೇಡವೆಂದರೆ ಒತ್ತಾಯ ಮಾಡಬೇಡ, ಸ್ನಾರ್ಕೆಲ್ ಸಾಕು. ಆ ಕಡಲು ಮೇಲಿನಿಂದಲೂ ಚೆನ್ನಾಗಿ ಕಾಣುತ್ತದೆ.

ಇಳಿದ ದಿನ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಹೋಗಿ. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಮಾತ್ರ ಹೋಗಿ ಬರುವವರಿದ್ದಾರೆ, ಹಾಗೆ ಮಾಡಬೇಡಿ. ಬೆಳಕಿದ್ದಾಗ ಒಳಗೆ ನಡೆದು ನೋಡಬೇಕಾದ ಜಾಗ ಅದು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವೆ ಗೋಪುರ, ಅದರಿಂದ ಹೊರಟ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಪುಟ್ಟನನ್ನು ಒಂದು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ಚಿಲಕ ತೋರಿಸು. ಅಗುಳಿ ಬಾಗಿಲಲ್ಲೇ ಮುಗಿಯುವುದಿಲ್ಲ. ಹೊರಗೋಡೆಯಲ್ಲಿ ಕೊರೆದ ಗೂಡಿನೊಳಕ್ಕೆ ಹೋಗಿ ಅಲ್ಲಿ ಬೀಗ ಬೀಳುತ್ತದೆ. ಒಳಗಿನವನು ಸರಳಿನ ಸಂದಿಯಿಂದ ಎಷ್ಟೇ ಕೈ ಚಾಚಿದರೂ ಅದು ಸಿಗುವುದಿಲ್ಲ. ಒಂದು ಸಾಲಿನ ಕೋಣೆಗಳ ಎದುರಿಗೆ ಇನ್ನೊಂದು ಸಾಲಿನ ಬೆನ್ನು ಮಾತ್ರ. ಎದುರಿನವನ ಮುಖವೂ ಕಾಣಬಾರದು ಎಂದು ಯೋಚಿಸಿ ಕಟ್ಟಿದ್ದಾರೆ. ಎತ್ತಿನ ಬದಲು ಮನುಷ್ಯರನ್ನು ಕಟ್ಟಿ ಎಣ್ಣೆ ತೆಗೆಸಿದ ಗಾಣವೂ ಅಲ್ಲಿದೆ. ಗಾಣದ ಎಣ್ಣೆ ಹುಡುಕಿ ತರುವ ನಮ್ಮ ಮನೆಯ ಮಗು ಅದನ್ನೂ ನೋಡಲಿ. ಅಕ್ಕನ ಮಂಡಿಗೆ ಮಹಡಿ ಮೆಟ್ಟಿಲು ಬೇಡ, ಕೆಳಗಿನ ಸಾಲು ನೋಡಿದರೆ ಸಾಕು.

ಹ್ಯಾವ್‌ಲಾಕಿಗೆ ಖಾಸಗಿ ಫೆರಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆಯ ಹಾದಿ. ಖಾಸಗಿಯದರಲ್ಲಿ ಎ.ಸಿ. ಇರುತ್ತದೆ, ಗಾಜು ಮುಚ್ಚಿರುತ್ತದೆ. ಹೊಟ್ಟೆ ತೊಳಸುವವರಿಗೆ ಅದೇ ಕಷ್ಟ. ಸರ್ಕಾರಿ ಹಡಗಿನ ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು, ಅದೃಷ್ಟವಿದ್ದರೆ ಹಾರುವ ಮೀನೂ ಕಾಣುತ್ತದೆ. ಆದರೆ ಅದರ ಟಿಕೆಟು ಸಿಗುವುದು ಕಷ್ಟ, ಮತ್ತು ಅದು ಮೊದಲು ಅಲ್ಲಿಯ ಜನರ ಬಸ್ಸು ಎಂಬುದು ನೆನಪಿರಲಿ. ಹಿರಿಯರಿರುವುದರಿಂದ ಖಾಸಗಿಯದನ್ನೇ ಮೊದಲೇ ಬುಕ್ ಮಾಡು, ಬೆಳಗಿನ ಫೆರಿಯೇ ಇರಲಿ. ಖಾಲಿ ಹೊಟ್ಟೆಯಲ್ಲಿ ಹತ್ತಬಾರದು, ಪೂರಿ-ವಡೆ ತಿಂದೂ ಹತ್ತಬಾರದು. ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಅರ್ಧ ಗಂಟೆ ಮುಂಚೆಯೇ ಕೊಡು. ಎಲ್ಲರ ಗುರುತಿನ ಚೀಟಿ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ.

ಹ್ಯಾವ್‌ಲಾಕಿನಲ್ಲಿ ರಾಧಾನಗರದ ಬೀಚು ಪಡುವಣಕ್ಕೆ ಮುಖ ಮಾಡಿದೆ, ಕಾಲಾಪತ್ಥರ್ ಮೂಡಣಕ್ಕೆ. ಅದನ್ನು ಸಂಜೆಗೂ ಇದನ್ನು ಬೆಳಿಗ್ಗೆಗೂ ಇಟ್ಟುಕೊಂಡರೆ ಹ್ಯಾವ್‌ಲಾಕಿನ ಯೋಜನೆ ಮುಗಿಯಿತು. ಉಪ್ಪುನೀರಿನ ಮೊಸಳೆ ಇರುವ ದ್ವೀಪಗಳು ಇವು. ನೀರಿಗಿಳಿಯಬೇಡಿ ಎಂಬ ಫಲಕವಿದ್ದಲ್ಲಿ, ಲೈಫ್‌ಗಾರ್ಡ್ ಬೇಡವೆಂದಲ್ಲಿ, ಯಾರೂ ಇಳಿಯಕೂಡದು.

ನೀಲ್ ದ್ವೀಪಕ್ಕೆ ಎರಡು ರಾತ್ರಿ ಏಕೆ ಎಂದು ನೀನು ಕೇಳುತ್ತೀಯ. ಹೆಚ್ಚಿನವರು ಅಲ್ಲಿ ನಾಲ್ಕು ಗಂಟೆ ಇದ್ದು ಬರುತ್ತಾರೆ. ನನಗೆ ಆ ದ್ವೀಪಗಳಲ್ಲೆಲ್ಲ ಅತಿ ಇಷ್ಟವಾದದ್ದು ನೀಲ್. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆ ನಿಂತ ಊರು. ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂದು ಹಳ್ಳಿಗಳ ಹೆಸರು. ಗದ್ದೆ, ಅಡಿಕೆ ತೋಟ, ತರಕಾರಿ ಮಡಿ. ಅಕ್ಕ ಅಲ್ಲಿ ಬದನೆ ಗಿಡ ನೋಡುತ್ತಾ ನಿಂತುಬಿಡುತ್ತಾಳೆ.

ಲಕ್ಷ್ಮಣಪುರದ ಕಲ್ಲಿನ ಕಮಾನಿಗೆ ಕಡಲು ಇಳಿದಾಗ ಮಾತ್ರ ಹೋಗಬೇಕು. ಭರತಪುರದಲ್ಲಿ ದೋಣಿ, ಸ್ನಾರ್ಕೆಲ್ ಎಲ್ಲಕ್ಕೂ ನೀರು ಏರಿರಬೇಕು. ಒಂದೇ ದಿನದಲ್ಲಿ ಎರಡೂ ಅನುಕೂಲದ ಹೊತ್ತಿಗೆ ಕೂಡಿಬರುತ್ತವೆ ಎನ್ನುವಂತಿಲ್ಲ. ಅದಕ್ಕೇ ಎರಡು ರಾತ್ರಿ. ಗೋಡೆಯ ಕ್ಯಾಲೆಂಡರ್ ತೆಗೆದು ನೋಡು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಇಳಿತ ದಿನಕ್ಕೆರಡು ಸಲ ಬರುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಉಳಿದದ್ದನ್ನು ಹೋಟೆಲಿನವರನ್ನು ಕೇಳಿ ಹೊರಡು. ನೀರು ಸರಿದ ಮೇಲೆ ಬಂಡೆಯ ಕುಳಿಗಳಲ್ಲಿ ಮೊಣಕಾಲುದ್ದದ ಕೊಳಗಳು ಉಳಿದಿರುತ್ತವೆ. ಬಗ್ಗಿ ನೋಡಿದರೆ ಒಂದರಲ್ಲಿ ಕಪ್ಪು ಕಡಲಸೌತೆ ಬಿದ್ದುಕೊಂಡಿರುತ್ತದೆ. ಇನ್ನೊಂದರಲ್ಲಿ ಬಂಡೆಗೆ ಹುದುಗಿದ ದೊಡ್ಡ ಚಿಪ್ಪು, ಅದರ ಬಾಯಂಚಿಗೆ ನವಿಲುಗರಿಯ ನೀಲಿ. ನಿನ್ನ ನೆರಳು ಬಿದ್ದರೂ ಸಾಕು, ಬಾಯಿ ಬಿಗಿದುಕೊಳ್ಳುತ್ತದೆ. ಪುಟ್ಟನಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ ಬೇಕು. ಮುಟ್ಟುವುದಿಲ್ಲ, ತುಳಿಯುವುದಿಲ್ಲ ಎಂದು ಅವನಿಂದ ಮೊದಲೇ ಮಾತು ತೆಗೆದುಕೊ.

ಹವಳದ ವಿಷಯದಲ್ಲಿ ನಾನು ಕಟ್ಟುನಿಟ್ಟು. 2010ರ ಬೇಸಿಗೆಯಲ್ಲಿ ಕಡಲ ನೀರು ಕಾದು ಅಲ್ಲಿಯ ಹವಳ ಬೆಳ್ಳಗೆ ಬಿಳುಚಿಕೊಂಡಿತು, 2016ರಲ್ಲಿ ಮತ್ತೆ. ಗುಂಡುಗಟ್ಟಿ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಏಳುತ್ತದೆ. ಕಾಲಿಟ್ಟು ಮುರಿದದ್ದು ಪುಟ್ಟ ದೊಡ್ಡವನಾದರೂ ಕೂಡಿಕೊಳ್ಳುವುದಿಲ್ಲ. ಬಿಸಿಲಿಗೆಂದು ಮೈಗೆ ಕ್ರೀಮು ಬಳಿದು ಅದನ್ನು ಹವಳದ ನೀರಿಗೆ ಬಿಡುವ ಬದಲು ತುಂಬುತೋಳಿನ ಈಜುಡುಗೆ ಹಾಕಿ. ದಡದಲ್ಲಿ ಬಿದ್ದ ಸತ್ತ ಹವಳವನ್ನೂ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ.

ಈಗ ಬಾರಾಟಾಂಗ್. ಅದನ್ನು ಪಟ್ಟಿಯಿಂದ ತೆಗೆದುಬಿಡು. ಸುಣ್ಣಕಲ್ಲಿನ ಗುಹೆ ಎಂದು ಕರೆದೊಯ್ಯುತ್ತಾರೆ, ಆದರೆ ಬಸ್ಸಿನಲ್ಲಿ ಅರ್ಧ ಜನ ಕಿಟಕಿಗೆ ಮುಖ ಒತ್ತಿ ಕಾಯುವುದು ದಾರಿಯಲ್ಲಿ ಜಾರವಾ ಜನ ಕಂಡಾರೇ ಎಂದು. ಆ ರಸ್ತೆ ಅವರ ಕಾಡನ್ನು ಸೀಳಿಕೊಂಡು ಹೋಗಿದೆ. 1990ರ ದಶಕದ ಕೊನೆಯವರೆಗೂ ಹೊರಗಿನವರ ಹತ್ತಿರ ಸುಳಿಯದ ಜನ ಅವರು. ಸಂಪರ್ಕ ಬೆಳೆದ ಮೇಲೆ 1999ರಲ್ಲೂ 2006ರಲ್ಲೂ ಅವರಲ್ಲಿ ದಡಾರ ಹಬ್ಬಿತು. ಈ ರಸ್ತೆ ಮುಚ್ಚಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಿಂಡಿ ಆಸೆ ತೋರಿಸಿ ಅವರ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ 2012ರಲ್ಲಿ ಹೊರಬಂದಾಗ ದೇಶವೇ ತಲೆತಗ್ಗಿಸಿತು. ಜಿರ್ಕಾಟಾಂಗಿನಲ್ಲಿ ಗೇಟು ಹಾಕಿ, ವಾಹನಗಳನ್ನು ಸಾಲಾಗಿ ಬಿಟ್ಟು, ಫೋಟೋ ತೆಗೆಯಕೂಡದು, ನಿಲ್ಲಿಸಕೂಡದು ಎಂದು ನಿಯಮ ಮಾಡಿದ್ದಾರೆ ನಿಜ. ಆದರೆ ಹೋಗುವ ಪ್ರವಾಸಿಗರು ಇರುವವರೆಗೆ ಸಾಲು ಕರಗುವುದಿಲ್ಲ. ದಿಗ್ಲಿಪುರದ ಬಸ್ಸೂ ಇದೇ ಹಾದಿ, ಅದನ್ನೂ ಬಿಡು. ಆ ಜನರ ಬಗ್ಗೆ ಪುಟ್ಟನಿಗೆ ತಿಳಿಯಬೇಕೆಂದಿದ್ದರೆ ಪೋರ್ಟ್ ಬ್ಲೇರಿನ ಮಾನವಶಾಸ್ತ್ರ ಮ್ಯೂಸಿಯಂಗೆ ಕರೆದುಕೊಂಡು ಹೋಗು. ಬಿಲ್ಲು, ದೋಣಿ, ಹೆಣೆದ ಬುಟ್ಟಿಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾರಿಗೂ ನೋವಿಲ್ಲ. ಕೊನೆಯ ದಿನಕ್ಕೆ ಅದು ಸರಿಹೊಂದುತ್ತದೆ.

ಸಣ್ಣಪುಟ್ಟದ್ದು: ನೀಲ್‌ನಲ್ಲಿ ಎಟಿಎಂ ನಂಬಬೇಡ, ನಗದು ಇರಲಿ. ಸಿಹಿನೀರು ಅಲ್ಲಿ ಮಳೆಯ ಭಿಕ್ಷೆ, ಬೇಸಿಗೆಯಲ್ಲಿ ಊರಿನವರಿಗೇ ಸಾಲುವುದಿಲ್ಲ. ಸ್ನಾನಕ್ಕೆ ಒಂದು ಬಕೆಟ್ ಸಾಕು ಮಾಡಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಕೊಳ್ಳದೆ ಸ್ಟೀಲಿನದು ಒಯ್ಯಿರಿ. ಭಾವನ ಬಿ.ಪಿ. ಮಾತ್ರೆ ವಾರಕ್ಕಿಂತ ನಾಲ್ಕು ದಿನ ಹೆಚ್ಚಿಗೆ ಇಡು.

ಇನ್ನು ನಿನ್ನ ಅಮ್ಮ. ಈಜು ಬರುವುದಿಲ್ಲ ಎಂದು ಅವಳನ್ನು ದಡದಲ್ಲಿ ಬ್ಯಾಗು, ಚಪ್ಪಲಿ ಕಾಯಲು ಕೂರಿಸಬೇಡ. ನಮ್ಮ ಮನೆಯ ಹೆಂಗಸರು ಎಲ್ಲ ಕಡಲುಗಳನ್ನೂ ಹಾಗೇ ನೋಡಿದ್ದಾರೆ. ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿನಲ್ಲಿ ಲೈಫ್ ಜಾಕೆಟ್ ತೊಡಿಸಿ, ರಬ್ಬರಿನ ಟ್ಯೂಬು ಹಿಡಿಸಿ, ಗೈಡ್ ಮೆಲ್ಲಗೆ ಎಳೆದುಕೊಂಡು ಹೋಗುತ್ತಾನೆ. ಈಜು ಬರದವರೂ ಮುಖ ನೀರಿಗಿಟ್ಟು ಹವಳ, ಮೀನು ನೋಡಬಹುದು. ಬ್ಯಾಗು ನೀನೂ ಅಳಿಯಂದಿರೂ ಸರದಿಯಲ್ಲಿ ಕಾಯಿರಿ. ಅವಳ ಅಳತೆಯ ಉದ್ದ ಕಾಲಿನ ಈಜುಡುಗೆ ಇವತ್ತೇ ಕೊಂಡಿಡು. ಈ ವಯಸ್ಸಿನಲ್ಲಿ ನನಗೇಕೆ ಎಂದರೆ ನನಗೆ ಫೋನ್ ಮಾಡಲು ಹೇಳು, ನಾನು ಮಾತಾಡುತ್ತೇನೆ.

ನಿನ್ನ
ಚಿಕ್ಕಮ್ಮ