ಗೋಮಾಳದಲ್ಲಿ ಕಾಡು ಎಬ್ಬಿಸಲು ಏಳು ಸೂತ್ರಗಳು

ಊರಾಚೆ ಒಂದು ಗೋಮಾಳ. ಕಲ್ಲು, ಮೊರಬು, ಅಲ್ಲಲ್ಲಿ ಬಂದ್ರೆ ಪೊದೆ. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ಇಂಥ ನೆಲ ಇಲ್ಲದ ಊರು ಕಡಿಮೆ. ಅಲ್ಲಿ ಕಾಡು ಬೆಳೆಸಲು ಹೊರಟ ಯುವಕ ಸಂಘಗಳಿಗೆ, ಸ್ತ್ರೀಶಕ್ತಿ ಗುಂಪುಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಗಿಡ ನೆಡುವಷ್ಟು ಸುಲಭದ್ದು ಬೇರೊಂದಿಲ್ಲ.

1. ಪಹಣಿ ತೆಗೆಸಿ. ಗೋಮಾಳ ಸಾಮಾನ್ಯವಾಗಿ ಕಂದಾಯ ಇಲಾಖೆಯದು. ಪಕ್ಕದ ಸರ್ವೆ ನಂಬರು ಅರಣ್ಯದ್ದಿರಬಹುದು, ಮೂಲೆಯಲ್ಲಿ ಯಾರೋ ಬಗರ್‌ಹುಕುಂ ಅರ್ಜಿ ಹಾಕಿರಬಹುದು. ಅನುಮತಿ ಕೈಗೆ ಬರಲಿ, ಅಳತೆ ಆಗಲಿ, ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಗಿಡ ಎದೆಮಟ್ಟ ಬಂದಮೇಲೆ ತಕರಾರು ಎದ್ದರೆ ಏನೂ ಮಾಡಲಾಗದು.

2. ಎಲ್ಲ ಬಯಲಿಗೂ ಮರ ಬೇಕಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿಯ ಜಯಮಂಗಲಿ ಸಂರಕ್ಷಿತ ಪ್ರದೇಶದಲ್ಲಿ ಕೃಷ್ಣಮೃಗ ಬದುಕಿರುವುದೇ ತೆರೆದ ಹುಲ್ಲುಗಾವಲಿನಿಂದ. ಒಳ್ಳೆಯ ಹುಲ್ಲಿರುವ ಜಾಗವನ್ನು ಹುಲ್ಲಿಗೇ ಬಿಡಿ. ಕಾಡಿಗೆ ಬೇಕಾದದ್ದು ಹಿಂದೆ ಮರವಿದ್ದು ಬೋಳಾದ ನೆಲ.

3. ನೆಡುವ ಮೊದಲು ಮೋಟುಗಳನ್ನು ಹುಡುಕಿ. ಬರಡಾಗಿ ಕಾಣುವ ಗುಡ್ಡದಲ್ಲಿ ಬಗ್ಗಿ ನೋಡಿದರೆ ಚುಜ್ಜಲು, ದಿಂಡಿಗ, ಮುತ್ತುಗದ ಮೋಟುಗಳು ಗೇಣುದ್ದದ ಚಿಗುರು ಹೊತ್ತು ಕೂತಿರುತ್ತವೆ. ಚಿಗುರಿದ್ದನ್ನು ಮೇಕೆ ಮೇಯುತ್ತದೆ, ಉಳಿದದ್ದನ್ನು ಸೌದೆ ಕತ್ತಿ ಸವರುತ್ತದೆ. ಹೀಗೇ ವರ್ಷಗಟ್ಟಲೆ ನಡೆದಿರುತ್ತದೆ. ಬೇರು ಮಾತ್ರ ಆಳದಲ್ಲಿ ಗಟ್ಟಿ. ಒಂದೊಂದು ಮೋಟಿನಲ್ಲಿ ನೆಟ್ಟಗಿರುವ ಎರಡು ಚಿಗುರು ಉಳಿಸಿ, ಮಿಕ್ಕವನ್ನು ಸವರಿ, ಸುತ್ತ ಮುಳ್ಳು ಹಾಕಿ. ನರ್ಸರಿಯಿಂದ ತಂದ ಗಿಡ ಇನ್ನೂ ಬೇರು ಬಿಡುವಷ್ಟರಲ್ಲಿ ಇದು ಆಳೆತ್ತರ ಆಗಿರುತ್ತದೆ. ಖರ್ಚೂ ಇಲ್ಲ. ಆದರೆ ಫಲಕ ಹಾಕಿಸಿ ಉದ್ಘಾಟನೆ ಮಾಡಲು ಬರುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ!

4. ಜೂನ್ 5ಕ್ಕೆ ಅವಸರ ಬೇಡ. ಪರಿಸರ ದಿನದ ಹೊತ್ತಿಗೆ ಬಯಲುಸೀಮೆಯ ನೆಲ ಮೇಲೆ ಒದ್ದೆ, ಒಳಗೆ ಬಿಸಿ. ಇಳಿಜಾರಿಗೆ ಅಡ್ಡಲಾಗಿ ಕಂದಕ, ಒಂದೂವರೆ ಅಡಿಯ ಗುಂಡಿ, ಇವೆಲ್ಲ ಬೇಸಿಗೆಯಲ್ಲೇ ಮುಗಿದಿರಲಿ. ಎರಡು ಹದ ಮಳೆ ಗುಂಡಿಯ ತಳ ನೆನೆಸಿದ ಮೇಲೆ ನೆಡಿ. ಪ್ಲಾಸ್ಟಿಕ್ ಚೀಲ ಪೂರ್ತಿ ಹರಿದು ತೆಗೆಯಿರಿ, ತಳದಲ್ಲಿ ಸುತ್ತಿಕೊಂಡ ಬೇರನ್ನು ಕತ್ತರಿಸಿ.

5. ಬೀಜವನ್ನು ಊರಲ್ಲೇ ಆರಿಸಿ. ಬೇವಿನ ಬೀಜದ ಕಸುವು ಎರಡು-ಮೂರು ವಾರದಲ್ಲೇ ಇಳಿಯುತ್ತದೆ. ಹಣ್ಣು ಉದುರಿದ ಕೂಡಲೇ ಕಂದಕದ ಏರಿಯ ಮೇಲೆ ಊರಿ. ಕರಿಜಾಲಿಗೆ ಕುರಿರೊಪ್ಪಕ್ಕೆ ಹೋಗಿ. ಮೇಕೆ ತಿಂದ ಕಾಯಿಯ ಬೀಜ ಅಲ್ಲಿ ಸಿಗುತ್ತದೆ, ಗಟ್ಟಿ ಸಿಪ್ಪೆ ಹೊಟ್ಟೆಯಲ್ಲೇ ಸಡಿಲವಾಗಿ ಬೇಗ ಮೊಳೆಯುತ್ತದೆ. ಆದರೆ ಬಳ್ಳಾರಿ ಜಾಲಿ ಹರಡುವುದೂ ಇದೇ ದಾರಿಯಲ್ಲಿ. ಅದರ ಬೀಜ ಬೆರೆತಿದ್ದರೆ ಆ ರಾಶಿಯನ್ನು ಮುಟ್ಟಬೇಡಿ. ಹೊಂಗೆ, ಹುಣಸೆ, ಕಮರ, ಕಕ್ಕೆ, ನೆಲ್ಲಿ ಬೆರೆಸಿ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ.

6. ಕುರಿಗಾಹಿಗಳನ್ನು ಕೂರಿಸಿ ಮಾತಾಡಿ. ತಂತಿಬೇಲಿ ಎರಡು ವರ್ಷವೂ ಉಳಿಯುವುದಿಲ್ಲ, ಒಪ್ಪಂದ ಉಳಿಯುತ್ತದೆ. ಗೋಮಾಳವನ್ನು ಒಂದೇ ಸಲ ಮುಚ್ಚಬೇಡಿ. ಮೂರು ಪಾಲು ಮಾಡಿ ಒಂದಕ್ಕೆ ಮಾತ್ರ ತಡೆ ಹಾಕಿ. ತಡೆದ ಪಾಲಿನ ಹುಲ್ಲನ್ನು ಕೊಯ್ದು ಒಯ್ಯಲು ಅವರಿಗೇ ಮೊದಲ ಹಕ್ಕು ಕೊಡಿ.

7. ಮೂರು ಬೇಸಿಗೆ ಕಾಯಿರಿ. ಸಾಲುಮರದ ತಿಮ್ಮಕ್ಕ ದಂಪತಿ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಗಿಡ ನೆಟ್ಟು ಮನೆಗೆ ಹೋಗಲಿಲ್ಲ; ನೀರು ಹೊತ್ತರು, ಮುಳ್ಳುಬೇಲಿ ಕಟ್ಟಿದರು. ಗುಡ್ಡದ ತುಂಬ ನೀರು ಹೊರಲಾಗದು ನಿಜ. ಬುಡಕ್ಕೆ ಒಣಹುಲ್ಲು, ಸುತ್ತ ಕಲ್ಲು ಇಟ್ಟರೆ ಪಸೆ ನಿಲ್ಲುತ್ತದೆ. ಜನವರಿಯೊಳಗೆ ಅಂಚಿನ ಹುಲ್ಲು ಸವರಿ ಬೆಂಕಿಗೆರೆ ಮಾಡಿ. ಒಂದು ಬೀಡಿಯ ಕಿಡಿ ಮೂರು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಆದ್ದರಿಂದ ಸಂಘದ ಹಣವನ್ನೆಲ್ಲ ಸಸಿಗೆ ಸುರಿಯಬೇಡಿ. ಅರ್ಧವನ್ನಾದರೂ ಕಾವಲಿನವನ ಕೂಲಿಗೆ ಎತ್ತಿಡಿ.