ಹಳೆ ಫೋರ್-ವ್ಹೀಲ್ ಪಿಕಪ್: ಎರಿ ಹೊಲದ ದಾರಿಗೆ ಏನು ಮಾಡಿಸಬೇಕು, ಏನು ಬ್ಯಾಡ



ಟಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟ ಇದ್ದವರ ಮನೆ ಮುಂದ ಈಗ ಹಳೆ ಫೋರ್-ವ್ಹೀಲ್ ಪಿಕಪ್ ನಿಲ್ಲೋದು ಹೆಚ್ಚಾಗಿದೆ. ಹೊಸ ಗಾಡಿ ರೇಟ್ ಕೈಗೆ ಹತ್ತೋದಿಲ್ಲ, ಹಳೇದು ತಗೊಂಡು ರಿಪೇರಿ ಮಾಡಿಸಿದ್ರ ಆತು ಅನ್ನೋ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಮೊದಲು ಯಾವುದಕ್ಕೆ ರೊಕ್ಕ ಹಾಕಬೇಕು ಅನ್ನೋದರಲ್ಲಿ ನಾನೇ ತಪ್ಪಿದ್ದೆ. ಅದನ್ನ ಮೊದಲು ಹೇಳ್ತೀನಿ.

ನನ್ನ ಪಿಕಪ್ಪಿಗೆ ನಾನು ಮೊದಲು ಹಾಕಿಸಿದ್ದು ದೊಡ್ಡ ಲೈಟು, ದಪ್ಪ ಟೈರು. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಬಿತ್ತು. ಡೌಣಿ ರೋಗದ ಭಯಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕಿತ್ತು. 200 ಲೀಟರಿನ ಐದು ಡ್ರಮ್ ನೀರು ಹೇರಿಕೊಂಡು ಹೊರಟೆ. ದಾರಿ ರಾಡಿ ಆಗಿತ್ತಂತ ಪಕ್ಕದ ಎರಿ ಹೊಲದಾಗ ಇಳಿಸಿದೆ. ಇಪ್ಪತ್ತು ಹೆಜ್ಜೆಗೆ ಗಾಡಿ ಎಕ್ಸೆಲ್ ಮಟ ಹುಗಿದು ನಿಂತಿತು.

ಟ್ರ್ಯಾಕ್ಟರ್ ತಂದ ಹುಡುಗ ಕೇಳಿದ, "ಅಣ್ಣಾ, ಚೈನ್ ಎಲ್ಲಿ ಹಾಕ್ಲಿ?" "ಬಂಪರಿಗೆ ಹಾಕಪಾ" ಅಂದೆ. ಎಳೆದ ಕೂಡಲೇ ತುಕ್ಕು ಹಿಡಿದ ಬಂಪರ್ ಕಿತ್ತು ಚೈನ್ ಸಮೇತ ಹಾರಿತು. ನನ್ನ ತಮ್ಮನ ತಲೆಯಿಂದ ಒಂದು ಗೇಣು ಆಚೆ ಹೋತು. ಅವತ್ತಿನಿಂದ ನಾನು ಗಾಡಿ ಕೆಲಸದ ಕ್ರಮ ಬದಲಿಸಿದೆ.

1. ಮೊದಲು ನಿಲ್ಲೋದು, ಆಮೇಲೆ ಓಡೋದು

ಮೊದಲ ರೊಕ್ಕ ಬ್ರೇಕಿಗೆ. ಬ್ರೇಕ್ ಪೈಪ್, ವ್ಹೀಲ್ ಸಿಲಿಂಡರ್, ಹ್ಯಾಂಡ್ ಬ್ರೇಕ್ ನೋಡಿಸ್ರಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸ್ರಿ. ಆಮೇಲೆ ಸ್ಟೇರಿಂಗ್ ಆಟ, ವ್ಹೀಲ್ ಬೇರಿಂಗ್, ಚಾಸಿಯ ತುಕ್ಕು. ನಂತರ ರೇಡಿಯೇಟರ್ ಮತ್ತು ಅದರ ಪೈಪುಗಳು. ರಾಡಿಯಲ್ಲಿ ಗಾಡಿ ನಿಧಾನ ಹೋಗುತ್ತದೆ, ಎಂಜಿನ್ ಜೋರು ದುಡಿಯುತ್ತದೆ. ವಿಜಯಪುರದ ಬಿಸಿಲಿಗೆ ಹಳೆ ರೇಡಿಯೇಟರ್ ತಡೆಯೋದಿಲ್ಲ.

2. ಫೋರ್-ವ್ಹೀಲ್ ನಿಜವಾಗಿ ಹತ್ತುತ್ತದೋ ನೋಡ್ರಿ

ಬಹಳ ಹಳೆ ಗಾಡಿಗಳಲ್ಲಿ ಫೋರ್-ವ್ಹೀಲ್ ಲಿವರ್ ವರ್ಷಗಟ್ಟಲೆ ಯಾರೂ ಮುಟ್ಟಿರೋದಿಲ್ಲ. ಮುಂದಿನ ಗಾಲಿಯ ಹಬ್ ಕೈಯಿಂದ ಲಾಕ್ ಮಾಡೋ ಮಾದರಿ ಇದ್ದರೆ ಅದು ತಿರುಗುತ್ತದೋ ಪರೀಕ್ಷಿಸ್ರಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿಸಿ ನೋಡ್ರಿ. ಆಯಿಲ್ ಹಾಲು ಹಾಕಿದ ಚಹಾದಂತೆ ಇದ್ದರೆ ಒಳಗೆ ನೀರು ಹೊಕ್ಕಿದೆ ಅಂತ ಅರ್ಥ. ಎಕ್ಸೆಲ್ ಮೇಲಿನ ಬ್ರೀದರ್ ಪೈಪನ್ನ ಎತ್ತರಕ್ಕೆ ಕಟ್ಟಿಸ್ರಿ. ಬಿಸಿ ಎಕ್ಸೆಲ್ ತಣ್ಣೀರಿಗೆ ಇಳಿದಾಗ ಅದು ನೀರನ್ನ ಒಳಗೆ ಎಳೆದುಕೊಳ್ಳುತ್ತದೆ.

ಇಂಥ ಹಳೆ ಗಾಡಿಗಳಲ್ಲಿ ಡಾಂಬರ್ ರಸ್ತೆ ಮೇಲೆ 4ಎಚ್ ಹಾಕಬ್ಯಾಡ್ರಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿ ಬೇರೆ ಬೇರೆ ದೂರ ಓಡುತ್ತವೆ. ಗಟ್ಟಿ ರಸ್ತೆಯಲ್ಲಿ ಆ ಬಿಗಿ ಬಿಡುವುದಿಲ್ಲ, ಗೇರು ಒಡೆಯುತ್ತವೆ.

3. ಟೈರು: ನಾಲ್ಕೂ ಒಂದೇ

ನಾಲ್ಕೂ ಟೈರು ಒಂದೇ ಸೈಜ್, ಒಂದೇ ಸವೆತ ಇರಲಿ. ಹೊಲದ ದಾರಿಗೂ ಡಾಂಬರಿಗೂ ಆಗುವ ಆಲ್-ಟೆರೇನ್ ಟೈರನ್ನ ಕಂಪನಿ ಹೇಳಿದ ಸೈಜಿನಲ್ಲೇ ತಗೊಳ್ರಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದ್ರ 2019ರ 23ನೇ ವಾರ ತಯಾರಾದ ಟೈರು. ತಗೊಳ್ಳುವಾಗ ಮೊಬೈಲಿನಲ್ಲಿ ಅದರ ಫೋಟೋ ಹೊಡೀರಿ.

ಖಾಲಿ ಗಾಡಿ ಮೆತ್ತನ ದಾರಿಗೆ ಇಳಿಯೋ ಮುಂದ ಗಾಳಿಯನ್ನ 20-22 ಪಿಎಸ್‌ಐಗೆ ಇಳಿಸಿದ್ರ ಟೈರು ಅಗಲ ಕೂರುತ್ತದೆ. ನಿಧಾನ ಹೋಗ್ರಿ, ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸ್ರಿ. ಲೋಡ್ ಇದ್ದಾಗ ಗಾಳಿ ಇಳಿಸಬ್ಯಾಡ್ರಿ.

4. ಎಳೆಯೋ ಕೊಕ್ಕೆ

ಮುಂದೆ, ಹಿಂದೆ ಚಾಸಿಗೇ ಬೋಲ್ಟ್ ಹಾಕಿದ ಗಟ್ಟಿ ಕೊಕ್ಕೆ ಬೇಕು. ಬಂಪರ್ ಎಳೆಯೋಕೆ ಇರೋದಲ್ಲ. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕ್ರಿ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಎಲ್ಲರನ್ನೂ ನಿಲ್ಲಿಸ್ರಿ. ಒಂದು ಸಲಿಕೆ, ಎರಡು ಹಲಗೆ ಯಾವಾಗಲೂ ಗಾಡಿಯಲ್ಲಿರಲಿ.

5. ಏನು ಬ್ಯಾಡ

ಗಾಡಿ ಎತ್ತರ ಮಾಡಿಸೋದು ಬ್ಯಾಡ. ಡ್ರಮ್ ಹೇರಿದಾಗ ಮೊದಲೇ ಭಾರ ಮೇಲಿರುತ್ತದೆ, ಬದು ದಾಟುವಾಗ ಪಲ್ಟಿ ಆಗುತ್ತದೆ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮುಂದಿನ ಬುಲ್ ಬಾರ್ ವಿರುದ್ಧ ಕೇಂದ್ರ ಸರ್ಕಾರ 2017ರಲ್ಲೇ ಆದೇಶ ಕೊಟ್ಟಿದೆ. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು ಅನ್ನೋದು ನೆನಪಿರಲಿ.

ಡೋಣಿ ತುಂಬಿ ರಸ್ತೆ ಮೇಲೆ ಹರಿಯುತ್ತಿದ್ದರೆ ಇಳಿಯಬ್ಯಾಡ್ರಿ. ಎರಡು ಅಡಿ ಹರಿಯುವ ನೀರು ಪಿಕಪ್ಪನ್ನೂ ತೇಲಿಸಿಕೊಂಡು ಹೋಗುತ್ತದೆ.

6. ಎಲ್ಲಕ್ಕಿಂತ ಮುಖ್ಯ: ಮಣ್ಣು ಕೇಳ್ರಿ

ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲು ತುಂಬಿ ಟೈರನ್ನೇ ಬೋಳು ಮಾಡುತ್ತದೆ. ಆಗ ನಾಲ್ಕು ಗಾಲಿ ತಿರುಗಿದರೂ ಅಷ್ಟೇ, ಎರಡು ತಿರುಗಿದರೂ ಅಷ್ಟೇ. ಮಡ್ಡಿ ಜಮೀನಿನಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಹೋಗಬಹುದು, ಎರಿಯಲ್ಲಿ ಆಗೋದಿಲ್ಲ.

ಪರೀಕ್ಷೆ ಸುಲಭ. ನಾಲ್ಕು ಇಂಚು ಕೆಳಗಿನ ಮಣ್ಣು ತೆಗೆದು ಅಂಗೈಯಲ್ಲಿ ಹೊಸೀರಿ. ಪೆನ್ಸಿಲಿಗಿಂತ ಸಣ್ಣ ಹುರಿ ಬಂದರೆ ಇನ್ನೂ ಹಸಿ ಐತಿ, ಗಾಡಿ ಹೊರಗೇ ನಿಲ್ಲಲಿ. ಪುಡಿಯಾಗಿ ಮುರಿದರೆ ಹೋಗ್ರಿ. ಹಸಿ ಮಣ್ಣಿನ ಮೇಲೆ ಗಾಲಿ ಹೋದರೆ ಒಳಗಿನ ಗಾಳಿ-ನೀರಿನ ಸಂದು ಮುಚ್ಚಿಹೋಗುತ್ತವೆ, ಬೇರು ಇಳಿಯೋದಿಲ್ಲ. ನಾನು ಹುಗಿಸಿದ ಆ ಹೊಲದಲ್ಲಿ ಆ ವರ್ಷ ಬಿತ್ತಿದ ಮಾಲದಂಡಿ ಜೋಳ ಗಾಲಿ ಗೆರೆಯುದ್ದಕ್ಕೂ ಗಿಡ್ಡಾಗಿ ನಿಂತಿತ್ತು. ಹೊಲದ ಮಾಲೀಕರು, ನಮ್ಮ ಕಾಕಾ, ಒಂದು ಮಾತೂ ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ಹತ್ತಿತು.

ಈಗ ನಾನು ಡ್ರಮ್ ರಸ್ತೆ ಮೇಲೇ ಇಳಿಸಿ, ಉದ್ದ ಪೈಪ್ ಹಾಕಿ ಔಷಧ ಹೊಡಿಸ್ತೀನಿ. ಒಂದು ತಾಸು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಈ ವಾರ ಒಂದು ಕೆಲಸ ಮಾಡ್ರಿ: ಗಾಡಿ ಕೆಳಗೆ ಮಲಗಿ, ಬ್ರೇಕ್ ಪೈಪ್, ಆಯಿಲ್ ಸೋರಿಕೆ, ಚಾಸಿ ಕೊಕ್ಕೆ ಮೂರರ ಫೋಟೋ ತೆಗೀರಿ. ಅವನ್ನ ನಿಮ್ಮ ನಂಬಿಗಸ್ತ ಮೇಸ್ತ್ರಿಗೆ ತೋರಿಸಿ, ಆಮೇಲೆ ಲೈಟಿನ ಮಾತು ಆಡ್ರಿ.