ಕಾಣದ ಸೋರಿಕೆ

ಬಿಂದಿಗೆ ಸೋರಿದರೆ ನೆಲ ಒದ್ದೆಯಾಗುತ್ತದೆ. ಚೀಲ ಹರಿದರೆ ಕಾಳು ಚೆಲ್ಲುತ್ತದೆ. ನಷ್ಟವು ಕಣ್ಣಿಗೆ ಬಿದ್ದೊಡನೆ ಅದನ್ನು ತಡೆಯಲು ನಾವು ಧಾವಿಸುತ್ತೇವೆ. ಆದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಸ್ತುವೊಂದು ಸೋರುತ್ತಿದ್ದರೆ ಅದನ್ನು ಅರಿಯುವುದು ಹೇಗೆ? ಮಿಥೇನ್ ಎಂಬ ಅನಿಲವು ಅಂತಹ ಒಂದು ವಸ್ತು.

1776ರಲ್ಲಿ ಅಲೆಸಾಂಡ್ರೊ ವೋಲ್ಟಾ ಎಂಬ ಇಟಲಿಯ ವಿಜ್ಞಾನಿಯು ಮ್ಯಾಗಿಯೋರೆ ಸರೋವರದ ಜೌಗುನೆಲದಿಂದ ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಆ ಅನಿಲವು ಉರಿಯುತ್ತದೆಂಬುದನ್ನು ತೋರಿಸಿದನು. ಒಂದು ಇಂಗಾಲದ ಪರಮಾಣುವೂ ನಾಲ್ಕು ಜಲಜನಕದ ಪರಮಾಣುಗಳೂ ಕೂಡಿ ಮಿಥೇನ್ ಆಗುತ್ತದೆ. ಗಾಳಿಯಾಡದ ಎಡೆಯಲ್ಲಿ ಸಸ್ಯಗಳೂ ಸಗಣಿಯೂ ಕೊಳೆತಾಗ ಇದು ಹುಟ್ಟುತ್ತದೆ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ. ಭೂಗರ್ಭದಿಂದ ತೆಗೆಯುವ ನೈಸರ್ಗಿಕ ಅನಿಲದ ಬಹುಪಾಲೂ ಇದೇ.

ಒಲೆಯಲ್ಲಿ ಉರಿದಾಗ ಉಪಕಾರಿಯಾದ ಮಿಥೇನ್, ಉರಿಯದೆ ವಾಯುಮಂಡಲವನ್ನು ಸೇರಿದರೆ ಅಪಕಾರಿಯಾಗುತ್ತದೆ. ಭೂಮಿಯು ಹೊರಸೂಸುವ ಶಾಖವನ್ನು ಅದು ಹೀರಿ ಹಿಡಿದಿಡುತ್ತದೆ. 20 ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಇದು ತಡೆಯಬಲ್ಲದು. ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದುದರ ಎರಡೂವರೆ ಪಟ್ಟಿಗೂ ಹೆಚ್ಚು ಮಿಥೇನ್ ಇಂದು ವಾಯುಮಂಡಲದಲ್ಲಿದೆ.

ಗೋಬರ್ ಗ್ಯಾಸಿನ ಕೊಳವೆ ಸೋರುತ್ತಿದೆಯೇ ಎಂದು ತಿಳಿಯಲು ಅದರ ಕೂಡಿಕೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡುವುದುಂಟು. ಸೋರಿಕೆಯಿದ್ದೆಡೆ ಗುಳ್ಳೆ ಏಳುತ್ತದೆ. ಆದರೆ ನೂರಾರು ಮೈಲಿ ಹಬ್ಬಿದ ಕೊಳವೆಗಳಿಗೂ ಆಳವಾದ ಬಾವಿಗಳಿಗೂ ಈ ಉಪಾಯ ಸಾಲದು. ಅಲ್ಲಿ ನೆರವಿಗೆ ಬರುವುದು ಅವಕೆಂಪು ಕಿರಣ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಮಿಥೇನ್ ತಡೆಯುವುದಿಲ್ಲ. ಆದರೆ ಅವಕೆಂಪು ಕಿರಣಗಳಲ್ಲಿ ಕೆಲವನ್ನು ಹೀರಿಕೊಳ್ಳುತ್ತದೆ. ಯಾವ ಗುಣದಿಂದ ಅದು ಭೂಮಿಯನ್ನು ಕಾಯಿಸುತ್ತದೆಯೋ ಅದೇ ಗುಣದಿಂದ ಅದು ಉಪಕರಣದ ಕಣ್ಣಿಗೆ ಸಿಕ್ಕಿಬೀಳುತ್ತದೆ.

ಇದಕ್ಕೊಂದು ನಿದರ್ಶನವಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಬಳಿ ಅಲಿಸೋ ಕ್ಯಾನ್ಯನ್ ಎಂಬ ಸ್ಥಳದಲ್ಲಿ ನೈಸರ್ಗಿಕ ಅನಿಲವನ್ನು ನೆಲದಡಿಯಲ್ಲಿ ಕೂಡಿಡಲಾಗಿತ್ತು. 2015ರ ಅಕ್ಟೋಬರ್ 23ರಂದು ಅಲ್ಲಿನ ಬಾವಿಯೊಂದು ಸೋರುತ್ತಿರುವುದು ಗೊತ್ತಾಯಿತು. ಎಚ್ಚರಿಕೆಗೆಂದು ಅನಿಲದಲ್ಲಿ ಬೆರೆಸಿದ್ದ ದುರ್ವಾಸನೆಯ ದ್ರವ್ಯದಿಂದ ಸುತ್ತಲಿನವರಿಗೆ ತಲೆನೋವು, ವಾಕರಿಕೆಗಳು ಕಾಣಿಸಿಕೊಂಡವು. ಸಾವಿರಾರು ಕುಟುಂಬಗಳು ಮನೆ ತೊರೆಯಬೇಕಾಯಿತು. ಬರಿಗಣ್ಣಿಗೆ ಅಲ್ಲಿ ಕಾಣುತ್ತಿದ್ದುದು ಶಾಂತವಾದ ಬೆಟ್ಟವೊಂದೇ. ಅವಕೆಂಪು ಕ್ಯಾಮೆರಾದಲ್ಲಿಯಾದರೋ ಬೆಟ್ಟದ ಮೇಲೆ ದಟ್ಟವಾದ ಮೋಡವು ಏಳುತ್ತಿತ್ತು! ವಿಜ್ಞಾನಿಗಳು ವಿಮಾನದಲ್ಲಿ ಹಾರಾಡಿ ಸೋರಿಕೆಯನ್ನು ಅಳೆದರು. ಕೃತಕ ಉಪಗ್ರಹವೊಂದು ಅಂತರಿಕ್ಷದಿಂದಲೇ ಅದನ್ನು ಗುರುತಿಸಿತು. 2016ರ ಫೆಬ್ರವರಿಯಲ್ಲಿ ಬಾವಿಯನ್ನು ಮುಚ್ಚುವಷ್ಟರಲ್ಲಿ ಸುಮಾರು 97,000 ಟನ್ ಮಿಥೇನ್ ಗಾಳಿಯ ಪಾಲಾಗಿತ್ತು.

ವಾಯುಮಂಡಲದ ಮಿಥೇನೆಲ್ಲವೂ ಸೋರಿಕೆಯಿಂದ ಬಂದುದಲ್ಲ. ಜೌಗುನೆಲ, ಭತ್ತದ ಗದ್ದೆ, ದನಕರುಗಳ ಜಠರ, ಕಸದ ರಾಶಿ ಇವೂ ಅದರ ಮೂಲಗಳೇ. ಇವನ್ನು ತಿರುಪು ತಿರುಗಿಸಿ ನಿಲ್ಲಿಸಲಾಗದು. ಕೊಳವೆಯ ಬಿರುಕನ್ನು ಮುಚ್ಚಬಹುದು. ಅದರ ಫಲವೂ ಬೇಗನೆ ದೊರೆಯುತ್ತದೆ. ಏಕೆಂದರೆ ಮಿಥೇನ್ ವಾಯುಮಂಡಲದಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷಗಳಷ್ಟೇ. ಇಂದು ಸೋರಿಕೆಯನ್ನು ತಡೆದರೆ ಅದರ ಪ್ರಯೋಜನವನ್ನು ಈಗಿನ ವಿದ್ಯಾರ್ಥಿಗಳು ತಮ್ಮ ಯೌವನದಲ್ಲಿಯೇ ಕಾಣಬಹುದು.

2021ರಲ್ಲಿ ಗ್ಲಾಸ್ಗೋ ನಗರದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರಗಳು, 2030ರ ವೇಳೆಗೆ ಮಿಥೇನಿನ ಹೊರಸೂಸುವಿಕೆಯನ್ನು 2020ರಲ್ಲಿದ್ದುದಕ್ಕಿಂತ ಶೇಕಡಾ 30ರಷ್ಟು ತಗ್ಗಿಸಲು ಒಟ್ಟಾಗಿ ಯತ್ನಿಸುವುದಾಗಿ ಸಂಕಲ್ಪ ಮಾಡಿದುವು. ಆದರೆ ಉಪಗ್ರಹಗಳು ಕಂಡುಹಿಡಿದ ಸೋರಿಕೆಗಳ ಬಗ್ಗೆ ವಿಶ್ವಸಂಸ್ಥೆಯು ಸರಕಾರಗಳಿಗೂ ಕಂಪನಿಗಳಿಗೂ ಕಳುಹಿಸಿದ ಸುಮಾರು 1,200 ಎಚ್ಚರಿಕೆಗಳಲ್ಲಿ ಉತ್ತರ ದೊರೆತದ್ದು ಶೇಕಡಾ ಒಂದರಷ್ಟಕ್ಕೆ ಮಾತ್ರ ಎಂದು 2024ರ ವರದಿಯು ತಿಳಿಸಿತು. ಹಿಂದೆ ಕಾಣುತ್ತಿರಲಿಲ್ಲವೆಂಬ ನೆಪವಿತ್ತು; ಈಗ ಅದೂ ಇಲ್ಲ. ಕಾಣದುದನ್ನು ಕಾಣಿಸುವುದು ವಿಜ್ಞಾನದ ಕೆಲಸ. ಕಂಡೂ ಕಾಣದಂತಿರದೆ ಅದನ್ನು ಸರಿಪಡಿಸುವುದು ಮನುಷ್ಯನ ವಿವೇಕಕ್ಕೆ ಸೇರಿದ ಕೆಲಸ.